ಸಾಂಕ್ರಾಮಿಕ ರೋಗದ ಕಾಲದಲ್ಲಿ ಸೈಕಲ್ ಸವಾರರು ಮುಖಗವಸು ಧರಿಸಬೇಕೆ?

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ನೀಡಿದ ಉಪನ್ಯಾಸದ ಪಾಠ)



ಹಳ್ಳಿಯ ಜೀವನದಲ್ಲಿ ಸೈಕಲ್ಲಿಗೆ ಇರುವ ಸ್ಥಾನ ಎಲ್ಲರಿಗೂ ತಿಳಿದದ್ದೇ ಆಗಿದೆ. ಮೋಟಾರು ಸೈಕಲ್ಲು ಬಹಳ ಮನೆಗಳಿಗೆ ಬಂದಿದ್ದರೂ ಹಾಲಿನ ಕ್ಯಾನನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಡೇರಿಗೆ ಹೋಗುವವರು, ಸೊಪ್ಪಿನ ಕಂತೆಗಳನ್ನು ಕ್ಯಾರಿಯರ್‌ಗೆ ಬಿಗಿದು ಪೇಟೆಗೆ ಹೊರಡುವವರು, ಹುಲ್ಲಿನ ಹೊರೆ ಹೇರಿಕೊಂಡು ಸಂಜೆ ಮನೆಗೆ ಮರಳುವವರು ಇಂದಿಗೂ ಇದ್ದಾರೆ. 2020ರ ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದು ಬಸ್ಸು, ರೈಲುಗಳು ನಿಂತಾಗ ಸೈಕಲ್ಲಿನ ಬೆಲೆ ಮತ್ತೊಮ್ಮೆ ತಿಳಿಯಿತು. ದೂರದ ನಗರಗಳಿಂದ ಸಾವಿರಾರು ಕೂಲಿ ಕಾರ್ಮಿಕರು ಸೈಕಲ್ ತುಳಿದೇ ತಮ್ಮ ಊರುಗಳನ್ನು ಸೇರಿದರು. ಗಾಯಗೊಂಡ ತಂದೆಯನ್ನು ಹಿಂದೆ ಕೂರಿಸಿಕೊಂಡು ಒಬ್ಬ ಬಾಲಕಿ ದೆಹಲಿಯ ಸಮೀಪದಿಂದ ಬಿಹಾರದವರೆಗೆ ಸುಮಾರು 1200 ಕಿಲೋಮೀಟರ್ ಸಾಗಿದ ಸುದ್ದಿಯನ್ನು ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು.

ಆ ದಿನಗಳಲ್ಲಿ ಎಲ್ಲೆಡೆ ಕೇಳಿಬಂದ ಪ್ರಶ್ನೆ ಒಂದಿದೆ. ಸೈಕಲ್ ತುಳಿಯುವವನು ಮೂಗು ಬಾಯಿಗೆ ಮುಖಗವಸು ಕಟ್ಟಿಕೊಳ್ಳಬೇಕೆ, ಬೇಡವೆ? ಕಟ್ಟಿಕೊಂಡರೆ ಏರು ದಾರಿಯಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಕಟ್ಟಿಕೊಳ್ಳದಿದ್ದರೆ ರೋಗದ ಭಯ, ದಂಡದ ಭಯ. ಕೋವಿಡ್-19ರ ಜಾಗತಿಕ ತುರ್ತು ಪರಿಸ್ಥಿತಿ ಕೊನೆಗೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಪ್ರಕಟಿಸಿತು. ಆದರೆ ಉಸಿರಿನ ಮೂಲಕ ಹರಡುವ ರೋಗಗಳು ಮತ್ತೆ ಬರುವುದಿಲ್ಲ ಎನ್ನುವಂತಿಲ್ಲ. ಆದುದರಿಂದ ಗಾಬರಿಯಿಲ್ಲದ ಈ ದಿನಗಳಲ್ಲಿಯೇ ಈ ವಿಷಯವನ್ನು ಸಮಾಧಾನವಾಗಿ ಅರಿತುಕೊಳ್ಳುವುದು ಒಳ್ಳೆಯದು.

ರೋಗ ಹರಡುವ ಬಗೆ

ಯಾವುದೇ ರೋಗಕ್ಕೆ ತಡೆ ಹಾಕಬೇಕಾದರೆ ಅದು ಬರುವ ದಾರಿಯನ್ನು ಮೊದಲು ತಿಳಿಯಬೇಕು. ಬೆಳೆಯ ರೋಗಕ್ಕೂ ಇದೇ ನಿಯಮ, ಮನುಷ್ಯರ ರೋಗಕ್ಕೂ ಇದೇ ನಿಯಮ. ಬೀಜದಿಂದ ಬರುವ ರೋಗಕ್ಕೆ ಬೀಜೋಪಚಾರ ಮಾಡುತ್ತಾರೆ, ಕೀಟದಿಂದ ಹರಡುವ ನಂಜು ರೋಗಕ್ಕೆ ಕೀಟವನ್ನು ಹತೋಟಿಯಲ್ಲಿಡುತ್ತಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಹಳೆಯ ಮೈಸೂರು ಸೀಮೆಯ ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದುದನ್ನು ಹಿರಿಯರು ಹೇಳುತ್ತಿದ್ದರು. ಆ ಪ್ಲೇಗು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತಿತ್ತು. ಇಲಿಯಿರುವ ಮನೆಯನ್ನು ಬಿಟ್ಟು ದೂರ ಹೋದದ್ದೇ ಅಲ್ಲಿ ರಕ್ಷಣೆಯಾಯಿತು. 1910–11ರಲ್ಲಿ ಚೀನಾದ ಮಂಚೂರಿಯಾದಲ್ಲಿ ಕಾಣಿಸಿಕೊಂಡ ಪ್ಲೇಗು ಮಾತ್ರ ಶ್ವಾಸಕೋಶಕ್ಕೆ ತಗಲಿ, ಕೆಮ್ಮಿನ ಮೂಲಕ ಹರಡುತ್ತಿತ್ತು. ಅದನ್ನು ಗುರುತಿಸಿದ ಡಾ. ವೂ ಲಿಯೆನ್-ತೆ ಎಂಬ ವೈದ್ಯರು ಹತ್ತಿ ಮತ್ತು ಜಾಳು ಬಟ್ಟೆಯ ಮುಖಗವಸನ್ನು ಬಳಕೆಗೆ ತಂದರು. ಅದನ್ನು ಧರಿಸಲು ಒಪ್ಪದ ಮೆಸ್ನಿ ಎಂಬ ಫ್ರೆಂಚ್ ವೈದ್ಯರು ಕೆಲವೇ ದಿನಗಳಲ್ಲಿ ಆ ರೋಗದಿಂದಲೇ ತೀರಿಕೊಂಡರು. ಒಂದೇ ಹೆಸರಿನ ರೋಗವಾದರೂ ದಾರಿ ಬೇರೆಯಾದಾಗ ತಡೆಯೂ ಬೇರೆಯಾಯಿತು.

ಕೋವಿಡ್-19 ಉಸಿರಿನ ರೋಗ. ಸೋಂಕು ತಗಲಿದ ವ್ಯಕ್ತಿ ಉಸಿರಾಡಿದಾಗ, ಮಾತನಾಡಿದಾಗ, ಕೆಮ್ಮಿದಾಗ ಹೊರಬರುವ ಹನಿಗಳಲ್ಲಿ ವೈರಾಣುಗಳಿರುತ್ತವೆ. ಈ ಹನಿಗಳ ನಡತೆ ಸಿಂಪರಣೆಯ ಅನುಭವವಿರುವ ರೈತರಿಗೆ ಸುಲಭವಾಗಿ ಅರ್ಥವಾಗತಕ್ಕದ್ದು. ಸ್ಪ್ರೇಯರಿನ ನಾಸಲ್‌ನಿಂದ ಬರುವ ದಪ್ಪ ಹನಿ ಅಲ್ಲಿಯೇ ಎಲೆಯ ಮೇಲೆ ಬೀಳುತ್ತದೆ. ಮಂಜಿನಂತಹ ಸಣ್ಣ ಹನಿ ಗಾಳಿಗೆ ತೇಲಿ ಪಕ್ಕದ ಹೊಲಕ್ಕೆ ಹೋಗುತ್ತದೆ. ಬಾಯಿಂದ ಬರುವ ಹನಿಗಳೂ ಹೀಗೆಯೇ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ಅಂದರೆ 100 ಮೈಕ್ರಾನ್ ಗಾತ್ರದ ಹನಿ, ಬಾಯಿಯ ಎತ್ತರದಿಂದ ಐದಾರು ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. ನಿಂತ ಗಾಳಿಯಲ್ಲಿ 10 ಮೈಕ್ರಾನ್ ಹನಿ ನೆಲ ಮುಟ್ಟಲು ಸುಮಾರು 8 ನಿಮಿಷ ಬೇಕು. 1 ಮೈಕ್ರಾನ್ ಹನಿಯಾದರೆ ಹತ್ತು ಗಂಟೆಗಳಿಗೂ ಮೀರಿ ತೇಲುತ್ತಿರಬಲ್ಲದು. ಹೀಗೆ ತೇಲುವ ಸಣ್ಣ ಹನಿಗಳು ಒಂದೇ ಕಡೆ ಕೂಡಿಕೊಳ್ಳುತ್ತವೆಯೋ, ಚದುರಿ ಹೋಗುತ್ತವೆಯೋ ಎಂಬುದರ ಮೇಲೆ ಅಪಾಯದ ಪ್ರಮಾಣ ನಿಂತಿದೆ.

ಕೋಣೆಯ ಗಾಳಿ, ಬಯಲಿನ ಗಾಳಿ

ಇದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಯಲ್ಲಿ 1200 ಘನ ಅಡಿ ಗಾಳಿ ಇರುತ್ತದೆ. ಕಿಟಕಿ ಬಾಗಿಲು ಮುಚ್ಚಿದ್ದರೆ ಒಳಗಿರುವವರೆಲ್ಲರೂ ಅದೇ ಗಾಳಿಯನ್ನು ಮತ್ತೆ ಮತ್ತೆ ಉಸಿರಾಡುತ್ತಾರೆ. ಈಗ ಬಯಲಿಗೆ ಬರೋಣ. ಮರದ ಎಲೆ ಅಲುಗಾಡದಷ್ಟು ಮಂದವಾದ ಗಾಳಿ, ಸೆಕೆಂಡಿಗೆ 3 ಅಡಿಯಂತೆ ಬೀಸುತ್ತಿದೆ ಎಂದಿಟ್ಟುಕೊಳ್ಳಿ. 10 ಅಡಿ ಅಗಲ, 10 ಅಡಿ ಎತ್ತರದ ಜಾಗದಲ್ಲಿ ಪ್ರತಿ ಸೆಕೆಂಡಿಗೆ 300 ಘನ ಅಡಿ ಹೊಸ ಗಾಳಿ ಹಾದು ಹೋಗುತ್ತದೆ. ಅಂದರೆ ಕೋಣೆಯ ಅಷ್ಟೂ ಗಾಳಿ ಕೇವಲ 4 ಸೆಕೆಂಡುಗಳಲ್ಲಿ ಬದಲಾದಂತಾಯಿತು. ಇದರ ಜೊತೆಗೆ ಹಗಲಿನ ಬಿಸಿಲು ಕೂಡ ವೈರಾಣುವನ್ನು ಬೇಗ ನಿಷ್ಕ್ರಿಯಗೊಳಿಸುತ್ತದೆ.

ಸೈಕಲ್ ಸವಾರ ಈ ಗಾಳಿಯಲ್ಲಿ ನಿಂತಿರುವುದೂ ಇಲ್ಲ. ಗಂಟೆಗೆ 12 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 200 ಮೀಟರ್. ಎದುರಿನಿಂದ ಬರುವ ಇನ್ನೊಬ್ಬ ಸವಾರನನ್ನು ಅವನು ಒಂದೆರಡು ಸೆಕೆಂಡುಗಳಲ್ಲಿ ದಾಟಿ ಹೋಗುತ್ತಾನೆ. ಸೋಂಕು ತಗಲಲು ಸಾಕಷ್ಟು ಪ್ರಮಾಣದ ವೈರಾಣು ದೇಹವನ್ನು ಸೇರಬೇಕು. ಆ ಪ್ರಮಾಣ, ಗಾಳಿಯಲ್ಲಿರುವ ವೈರಾಣುವಿನ ದಟ್ಟಣೆ ಮತ್ತು ಆ ಗಾಳಿಯನ್ನು ಉಸಿರಾಡಿದ ಸಮಯ ಇವೆರಡರ ಗುಣಲಬ್ಧ. ಬಯಲಿನಲ್ಲಿ ಒಬ್ಬನೇ ಸಾಗುವ ಸವಾರನ ವಿಷಯದಲ್ಲಿ ಇವೆರಡೂ ಅತ್ಯಲ್ಪ.

ಸಂಶೋಧನೆಗಳು ತಿಳಿಸಿದ್ದೇನು?

ಲೆಕ್ಕವೊಂದೇ ಸಾಲದು, ಅನುಭವವೂ ಹಾಗೆಯೇ ಇದೆಯೆ ಎಂದು ನೋಡಬೇಕು. ಚೀನಾದಲ್ಲಿ 2020ರ ಜನವರಿ 4ರಿಂದ ಫೆಬ್ರವರಿ 11ರವರೆಗೆ ವರದಿಯಾದ ಪ್ರಕರಣಗಳ ಪೈಕಿ, ಮೂವರು ಅಥವಾ ಹೆಚ್ಚು ಮಂದಿಗೆ ಒಟ್ಟಾಗಿ ಸೋಂಕು ತಗಲಿದ 318 ಸಂದರ್ಭಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ಅವೆಲ್ಲವೂ ಕಟ್ಟಡ ಅಥವಾ ವಾಹನಗಳ ಒಳಗೆ ನಡೆದಿದ್ದವು. ಬಯಲಿನಲ್ಲಿ ಸೋಂಕು ತಗಲಿದ್ದು ಕಂಡುಬಂದದ್ದು ಒಂದೇ ಒಂದು ಸಂದರ್ಭದಲ್ಲಿ. ಅದೂ ಹೆನಾನ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ, ವುಹಾನ್ ನಗರದಿಂದ ಬಂದಿದ್ದ ಪರಿಚಿತನೊಡನೆ ಹೊರಗೆ ನಿಂತು ಮಾತನಾಡಿದ ಒಬ್ಬನಿಗೆ. ಈ ಒಂದು ಉದಾಹರಣೆ ಬಹಳ ಮುಖ್ಯವಾದದ್ದು. ಬಯಲು ಸುರಕ್ಷಿತವೇ ಸರಿ, ಆದರೆ ಬಯಲಿನಲ್ಲಿಯೂ ಎದುರುಬದುರು ನಿಂತು ಬಹು ಹೊತ್ತು ಮಾತನಾಡಿದರೆ ರೋಗ ದಾಟಬಲ್ಲದು.

2020ರ ಏಪ್ರಿಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನ ತಂತ್ರಜ್ಞರು ಓಡುವವರ ಮತ್ತು ಸೈಕಲ್ ಸವಾರರ ಹಿಂದೆ ಹನಿಗಳು ಹೇಗೆ ಸಾಗುತ್ತವೆ ಎಂಬುದನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಿದರು. ಮುಂದೆ ಹೋಗುವವನು ಬಿಟ್ಟ ಹನಿಗಳು ಅವನ ಬೆನ್ನ ಹಿಂದಿನ ಗಾಳಿಯ ಸೆಳೆತದಲ್ಲಿ ಉಳಿಯುವುದರಿಂದ, ನಿಧಾನವಾಗಿ ಸೈಕಲ್ ತುಳಿಯುವಾಗ ಹಿಂದಿನವನು 10 ಮೀಟರ್, ವೇಗವಾಗಿ ತುಳಿಯುವಾಗ 20 ಮೀಟರ್ ಅಂತರ ಬಿಡುವುದು ಲೇಸು ಎಂದು ಅವರು ಸೂಚಿಸಿದರು. ಇದು ಹನಿಗಳು ಹೋಗುವ ದಾರಿಯ ಲೆಕ್ಕವೇ ಹೊರತು ಅಷ್ಟರಿಂದ ರೋಗ ತಗಲುತ್ತದೆ ಎಂಬುದಕ್ಕೆ ಆಧಾರವಲ್ಲವೆಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದರು. ಆದರೂ ಇದರಿಂದ ಒಂದು ಉಪಯುಕ್ತ ಸೂಚನೆ ದೊರೆಯುತ್ತದೆ. ಗುಂಪಿನಲ್ಲಿ ಹೋಗುವಾಗ ಮುಂದಿನವನ ಬೆನ್ನಿಗೇ ಅಂಟಿಕೊಂಡು ಹೋಗದೆ ಸ್ವಲ್ಪ ಪಕ್ಕಕ್ಕೆ ಸರಿದು ಸಾಗಬೇಕು. ಹಿಂದಿನ ಹೊಲದವನಿಗೆ ಔಷಧಿ ತೇಲಿ ಬರುವಾಗ ಆತ ಪಕ್ಕಕ್ಕೆ ಸರಿಯುವಂತೆಯೇ ಇದು.

ಮುಖಗವಸಿನ ಪ್ರಯೋಜನದ ಬಗ್ಗೆ ಹಳ್ಳಿಗಳಲ್ಲಿಯೇ ನಡೆದ ದೊಡ್ಡ ಪ್ರಯೋಗವೆಂದರೆ ಬಾಂಗ್ಲಾದೇಶದ್ದು. 2020ರ ನವೆಂಬರಿನಿಂದ 2021ರ ಏಪ್ರಿಲ್‌ವರೆಗೆ 600 ಗ್ರಾಮಗಳಲ್ಲಿ, ಸುಮಾರು 3 ಲಕ್ಷ 42 ಸಾವಿರ ವಯಸ್ಕರನ್ನು ಒಳಗೊಂಡು ಇದು ನಡೆಯಿತು. ಕೃಷಿ ಪ್ರಯೋಗದಲ್ಲಿ ಗೊಬ್ಬರ ಕೊಟ್ಟ ತಾಕು, ಕೊಡದ ತಾಕು ಎಂದು ಮಾಡುವಂತೆ, ಅರ್ಧದಷ್ಟು ಗ್ರಾಮಗಳಲ್ಲಿ ಮುಖಗವಸು ಹಂಚಿ ತಿಳಿವಳಿಕೆ ನೀಡಲಾಯಿತು. ಉಳಿದ ಗ್ರಾಮಗಳಲ್ಲಿ ಸರಿಯಾಗಿ ಧರಿಸುವವರು ಶೇ. 13 ಇದ್ದರೆ, ಈ ಗ್ರಾಮಗಳಲ್ಲಿ ಶೇ. 42ರಷ್ಟಾದರು. ರೋಗಲಕ್ಷಣ ಕಾಣಿಸಿಕೊಂಡು ರಕ್ತ ಪರೀಕ್ಷೆಯಲ್ಲಿ ದೃಢಪಟ್ಟ ಸೋಂಕು ಸುಮಾರು ಶೇ. 9ರಷ್ಟು ಇಳಿಯಿತು. ಆಸ್ಪತ್ರೆಯಲ್ಲಿ ಬಳಸುವಂತಹ ಸರ್ಜಿಕಲ್ ಮುಖಗವಸು ಹಂಚಿದ ಗ್ರಾಮಗಳಲ್ಲಿ ಇಳಿಕೆ ಶೇ. 11. ಆ ಗ್ರಾಮಗಳಲ್ಲಿನ 60 ವರ್ಷ ಮೀರಿದವರಲ್ಲಿ ಇಳಿಕೆ ಶೇ. 35. ಬಟ್ಟೆಯ ಮುಖಗವಸು ಹಂಚಿದ ಗ್ರಾಮಗಳಲ್ಲಿ ಮಾತ್ರ ಸ್ಪಷ್ಟವಾದ ವ್ಯತ್ಯಾಸ ತೋರಲಿಲ್ಲ. ಮುಖಗವಸು ಪವಾಡವನ್ನೂ ಮಾಡಲಿಲ್ಲ, ವ್ಯರ್ಥವೂ ಆಗಲಿಲ್ಲ ಎಂಬುದು ಇದರ ಸಾರಾಂಶ. ವಯಸ್ಸಾದವರಿಗೆ ಅದರ ಲಾಭ ಹೆಚ್ಚು.

ಉಸಿರಾಟದ ಶ್ರಮ

ಸುಮ್ಮನೆ ಕುಳಿತ ವ್ಯಕ್ತಿ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಸಾಧಾರಣ ವೇಗದಲ್ಲಿ ಸೈಕಲ್ ತುಳಿಯುವಾಗ ಇದು 40 ಲೀಟರನ್ನು ದಾಟುತ್ತದೆ. ಹೇರು ಹೊತ್ತು ಏರು ಹತ್ತುವಾಗ ಇನ್ನೂ ಹೆಚ್ಚು. ಇಷ್ಟೂ ಗಾಳಿ ಮುಖಗವಸಿನ ಮೂಲಕವೇ ಬರಬೇಕಾದಾಗ ಶ್ರಮವೆನಿಸುವುದು ಸಹಜ. ಬೆವರಿನಿಂದ ಬಟ್ಟೆ ಒದ್ದೆಯಾದರೆ ಉಸಿರಾಟ ಮತ್ತಷ್ಟು ಕಷ್ಟವಾಗುತ್ತದೆ. ಈ ಕಾರಣಗಳಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, ವ್ಯಾಯಾಮ ಮಾಡುವಾಗ ಮುಖಗವಸು ಧರಿಸುವುದು ಬೇಡ, ಇತರರಿಂದ ದೂರವಿರುವುದೇ ಮುಖ್ಯ ಎಂದು ಸಲಹೆ ನೀಡಿತು.

ಮುಖಗವಸಿನಿಂದ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಮನುಷ್ಯ ಕುಸಿದು ಬೀಳುತ್ತಾನೆ ಎಂಬ ಮಾತೂ ಆಗ ಹರಡಿತ್ತು. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ 14 ಮಂದಿ ಆರೋಗ್ಯವಂತರನ್ನು ನಿಂತ ಸೈಕಲ್ಲಿನ ಮೇಲೆ ಸುಸ್ತಾಗುವವರೆಗೆ ತುಳಿಸಿ ಪರೀಕ್ಷಿಸಿದಾಗ, ಮುಖಗವಸು ಇದ್ದರೂ ಇಲ್ಲದಿದ್ದರೂ ಅವರ ಸಾಮರ್ಥ್ಯದಲ್ಲಾಗಲೀ ರಕ್ತದ ಆಮ್ಲಜನಕದಲ್ಲಾಗಲೀ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ ಓಡುವ ಯಂತ್ರದ ಮೇಲೆ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ, ಬಟ್ಟೆಯ ಮುಖಗವಸು ಧರಿಸಿದವರು ಓಡಬಲ್ಲ ಅವಧಿ ಸುಮಾರು ಶೇ. 14ರಷ್ಟು ಕಡಿಮೆಯಾಯಿತು. ಇವೆರಡನ್ನೂ ಕೂಡಿಸಿ ನೋಡಿದರೆ, ಆರೋಗ್ಯವಂತನಿಗೆ ಮುಖಗವಸಿನಿಂದ ಪ್ರಾಣಾಪಾಯದ ಭಯವಿಲ್ಲ, ಆದರೆ ಹೆಚ್ಚು ಶ್ರಮದ ಕೆಲಸದಲ್ಲಿ ಅದು ತೊಡಕಾಗಬಹುದು ಎಂದು ತಿಳಿಯಬಹುದು. ಕನ್ನಡಕ ಧರಿಸುವ ಸವಾರರಿಗೆ ಇನ್ನೊಂದು ತೊಂದರೆಯಿದೆ. ಉಸಿರಿನ ಆವಿ ಗಾಜಿನ ಮೇಲೆ ಕೂತು ದಾರಿ ಮಸುಕಾಗುತ್ತದೆ. ಲಾರಿ ಬಸ್ಸುಗಳು ಓಡಾಡುವ ರಸ್ತೆಯಲ್ಲಿ ಈ ಅಪಾಯವನ್ನು ಅಲಕ್ಷಿಸುವಂತಿಲ್ಲ.

ಸರ್ಕಾರಗಳ ನಿಯಮ

ಇದೇ ಪ್ರಶ್ನೆ ಸರ್ಕಾರಗಳ ಮುಂದೆಯೂ ಬಂದಿತ್ತು. 2020ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖಗವಸು ಕಡ್ಡಾಯವೆಂದು ಕೇಂದ್ರ ಗೃಹ ಮಂತ್ರಾಲಯ ಸೂಚಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ಕಾರ್ಯದರ್ಶಿಯವರು, ಒಬ್ಬರೇ ಸೈಕಲ್ ತುಳಿಯುವವರು ಮುಖಗವಸು ಧರಿಸಬೇಕೆಂದು ಮಂತ್ರಾಲಯ ಸೂಚನೆ ನೀಡಿಲ್ಲವೆಂದೂ, ಗುಂಪಿನಲ್ಲಿ ಹೋಗುವಾಗ ಧರಿಸಬೇಕೆಂದೂ ಸ್ಪಷ್ಟಪಡಿಸಿದರು. ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ 2020ರ ಆಗಸ್ಟ್ 28ರಿಂದ ಎಲ್ಲರಿಗೂ ಮುಖಗವಸು ಕಡ್ಡಾಯವಾದಾಗ, ಮೊದಲು ಸೈಕಲ್ ಸವಾರರನ್ನೂ ಸೇರಿಸಿ, ಬಳಿಕ ಅವರಿಗೆ ವಿನಾಯಿತಿ ನೀಡಲಾಯಿತು. ಕರ್ನಾಟಕದಲ್ಲಿ ಮುಖಗವಸು ಇಲ್ಲದವರ ಮೇಲಿನ ದಂಡವನ್ನು 2020ರ ಅಕ್ಟೋಬರಿನಲ್ಲಿ ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ 250 ರೂಪಾಯಿ, ಉಳಿದೆಡೆ 100 ರೂಪಾಯಿ ಎಂದು ಇಳಿಸಲಾಯಿತು. ಬಡ ಸವಾರನಿಗೆ ಆಗ 100 ರೂಪಾಯಿ ಎಂದರೆ ಮೂರು ನಾಲ್ಕು ಲೀಟರ್ ಹಾಲಿನ ಬೆಲೆಯಾಗಿತ್ತು. ಆದುದರಿಂದ ನಿಯಮ ಜಾರಿಯಲ್ಲಿರುವಾಗ ಜೇಬಿನಲ್ಲಿ ಒಂದು ಮುಖಗವಸು ಇರಲೇಬೇಕು. ಕಾಯಿದೆ ಕಡ್ಡಾಯವೆಂದಾಗ ವಾದ ಮಾಡದೆ ಪಾಲಿಸುವುದು ಒಳ್ಳೆಯದು.

ಯಾವಾಗ ಬೇಕು, ಯಾವಾಗ ಬೇಡ?

ಮೇಲಿನ ವಿಷಯಗಳನ್ನೆಲ್ಲಾ ಪರಿಶೀಲಿಸಿದಾಗ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಹೊಲಕ್ಕೋ ತೋಟಕ್ಕೋ ಒಬ್ಬರೇ, ಜನಸಂದಣಿ ಇಲ್ಲದ ದಾರಿಯಲ್ಲಿ ಸೈಕಲ್ ತುಳಿಯುವಾಗ ಮುಖಗವಸಿನ ಅವಶ್ಯಕತೆ ಇಲ್ಲ. ಹೊಲದಲ್ಲಿ ಒಬ್ಬರೇ ಕೆಲಸ ಮಾಡುವಾಗಲೂ ಬೇಕಿಲ್ಲ.

2. ಸೈಕಲ್ಲಿನಿಂದ ಇಳಿದು ಡೇರಿಯ ಸಾಲಿನಲ್ಲಿ ನಿಲ್ಲುವಾಗ, ನ್ಯಾಯಬೆಲೆ ಅಂಗಡಿ, ಬ್ಯಾಂಕು, ಗೊಬ್ಬರದ ಸೊಸೈಟಿ, ರೇಷ್ಮೆ ಗೂಡಿನ ಮಾರುಕಟ್ಟೆ, ಹರಾಜು ಕಟ್ಟೆಗಳಿಗೆ ಹೋದಾಗ ತಪ್ಪದೆ ಧರಿಸಬೇಕು. ರೋಗ ತಗಲುವ ಜಾಗ ದಾರಿಯಲ್ಲ, ದಾರಿ ಮುಗಿದ ಮೇಲಿನ ಕೋಣೆ ಎಂಬುದನ್ನು ನೆನಪಿಡಬೇಕು. ಹಾಲಿನ ಅಳತೆ, ಫ್ಯಾಟ್ ಪರೀಕ್ಷೆ ನಡೆಯುವ ಕೋಣೆಯ ಕಿಟಕಿಗಳನ್ನು ತೆರೆದಿಡುವುದು, ಸಾಧ್ಯವಾದರೆ ಅಳತೆಯನ್ನು ಹೊರಗಿನ ಜಗುಲಿಯಲ್ಲಿ ಮಾಡುವುದು ಮುಖಗವಸಿನಷ್ಟೇ ಮುಖ್ಯ.

3. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಹೋಗುವಾಗ ಇಬ್ಬರ ಮುಖಗಳ ನಡುವೆ ಒಂದೆರಡು ಅಡಿ ಅಂತರವೂ ಇರುವುದಿಲ್ಲ. ಒಂದೇ ಮನೆಯವರಾದರೆ ಚಿಂತೆಯಿಲ್ಲ. ಬೇರೆ ಮನೆಯವರಾದರೆ ಇಬ್ಬರೂ ಧರಿಸಬೇಕು.

4. ಸ್ನೇಹಿತರು ಪಕ್ಕಪಕ್ಕದಲ್ಲಿ ಮಾತನಾಡುತ್ತಾ ಸಾಗುವಾಗ ಧರಿಸಬೇಕು, ಇಲ್ಲವೇ ಅಂತರ ಬಿಟ್ಟು ಹೋಗಬೇಕು.

5. ಸಂತೆಯ ದಿನ ಜನ ತುಂಬಿದ ಬೀದಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುವಾಗ ಧರಿಸಬೇಕು. ಆಗ ಶ್ರಮವೂ ಕಡಿಮೆ, ಜನರ ಸಾಮೀಪ್ಯವೂ ಹೆಚ್ಚು.

6. ಎಲೆ ಅಡಿಕೆ, ತಂಬಾಕು ಅಗಿದು ದಾರಿಯಲ್ಲಿ ಉಗುಳುವುದನ್ನೂ, ಒಂದೇ ಬೀಡಿಯನ್ನು ಹಂಚಿಕೊಂಡು ಸೇದುವುದನ್ನೂ ಕಟ್ಟುನಿಟ್ಟಾಗಿ ಬಿಡಬೇಕು. ಮುಖಗವಸನ್ನು ಕೆಳಗೆ ಎಳೆದು ಉಗುಳಿ ಮತ್ತೆ ಮೇಲೇರಿಸಿದರೆ ಅದರಿಂದ ಏನೂ ಉಪಯೋಗವಾಗದು.

ಎಂತಹ ಮುಖಗವಸು? ಬಳಸುವುದು ಹೇಗೆ?

ಸವಾರನಿಗೆ ಮೂರು ಬಗೆಯವು ದೊರೆಯುತ್ತವೆ. ಬಟ್ಟೆಯದು ಅಗ್ಗ, ಒಗೆದು ಬಳಸಬಹುದು. ಇದು ಮೂರು ಪದರದ್ದಾಗಿದ್ದು, ಒಳಗಿನ ಪದರ ಹತ್ತಿಯದೂ ಹೊರಗಿನ ಪದರ ನೀರು ಹೀರದ ಬಟ್ಟೆಯದೂ ಆಗಿರಬೇಕು. ಸರ್ಜಿಕಲ್ ಮುಖಗವಸು ಹಗುರ, ಉಸಿರಾಟಕ್ಕೆ ಸುಲಭ, ಆದರೆ ಒದ್ದೆಯಾದ ಕೂಡಲೇ ಬದಲಿಸಬೇಕು. ಎನ್-95 ಎಂಬುದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ. 95ರಷ್ಟನ್ನು ತಡೆಯುತ್ತದೆ. ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ ಈ ಗುಣ. ದಟ್ಟ ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ಸೋರುತ್ತದೆ. ಉಸಿರು ಬಿಡಲು ಕವಾಟವಿರುವ ಎನ್-95 ಸವಾರರಿಗೆ ಹಿತವೆನಿಸಿದರೂ, ಧರಿಸಿದವನ ಉಸಿರು ಸೋಸದೆ ಹೊರಬರುವುದರಿಂದ ಇತರರಿಗೆ ರಕ್ಷಣೆ ನೀಡುವುದಿಲ್ಲ. ಜನಸಾಮಾನ್ಯರು ಇದನ್ನು ಬಳಸಬಾರದೆಂದು ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾ ನಿರ್ದೇಶಕರು 2020ರ ಜುಲೈನಲ್ಲಿ ರಾಜ್ಯಗಳಿಗೆ ತಿಳಿಸಿದ್ದರು.

ಸೈಕಲ್ಲಿನಲ್ಲಿ ಹೋಗುವವರು ಶುಚಿಯಾದ ಮುಖಗವಸನ್ನು ಒಂದು ಕಾಗದದ ಅಥವಾ ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೋಗಿ, ಊರು ಅಥವಾ ಪೇಟೆ ಸಮೀಪಿಸಿದಾಗ ನಿಂತು ಧರಿಸುವುದು ಉತ್ತಮ. ಕೈಬಿಟ್ಟು ಸೈಕಲ್ ತುಳಿಯುತ್ತಾ ಕಟ್ಟಿಕೊಳ್ಳಬಾರದು. ಮೂಗು, ಬಾಯಿ, ಗಲ್ಲ ಮೂರೂ ಮುಚ್ಚಬೇಕು. ತೆಗೆಯುವಾಗ ಕಿವಿಯ ದಾರವನ್ನು ಹಿಡಿದು ತೆಗೆಯಬೇಕು. ಬಟ್ಟೆಯದನ್ನು ಪ್ರತಿದಿನ ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಬಳಸಿದ್ದನ್ನು ತಿಪ್ಪೆಗೋ ಬದುವಿಗೋ ಎಸೆದರೆ ದನಕರುಗಳು ತಿನ್ನುವ ಅಪಾಯವಿದೆ.

ಸಿಂಪರಣೆಗೆ ಇದೇ ಮುಖಗವಸು ಸಲ್ಲದು

ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಕೋವಿಡ್ ಕಾಲದಲ್ಲಿ ಕೊಂಡ ಮುಖಗವಸುಗಳು ಬಹಳ ಮನೆಗಳಲ್ಲಿ ಇನ್ನೂ ಮೊಳೆಗೆ ತೂಗುತ್ತಿವೆ. ಅವನ್ನೇ ಕಟ್ಟಿಕೊಂಡು ಕೀಟನಾಶಕ ಸಿಂಪಡಿಸಲು ಹೊರಟರೆ ರಕ್ಷಣೆಯ ಬದಲು ಹಾನಿಯಾಗುವ ಸಂಭವವಿದೆ. ಬಟ್ಟೆ ಅಥವಾ ಸರ್ಜಿಕಲ್ ಮುಖಗವಸು ಔಷಧಿಯ ತುಂತುರಿನಿಂದ ನೆನೆದು, ವಿಷವನ್ನು ಮೂಗು ಬಾಯಿಗಳಿಗೆ ಅಂಟಿಸಿ ಹಿಡಿದಂತಾಗುತ್ತದೆ. ಎನ್-95 ಕೂಡ ಕಣಗಳನ್ನು ತಡೆಯುತ್ತದೆಯೇ ವಿನಾ ಔಷಧಿಯ ಆವಿಯನ್ನು ತಡೆಯಲಾರದು. ಆವಿಗೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು. ಅಷ್ಟಲ್ಲದೆ ಸಿಂಪರಣೆಯಲ್ಲಿ ವಿಷ ದೇಹ ಸೇರುವುದು ಹೆಚ್ಚಾಗಿ ಚರ್ಮದ ಮೂಲಕ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಬೆಳೆಗೆ ಔಷಧಿ ಸಿಂಪಡಿಸಿದ ನೂರಾರು ಮಂದಿ ಆಸ್ಪತ್ರೆ ಸೇರಿ, ಇಪ್ಪತ್ತು ಮಂದಿಯಾದರೂ ಪ್ರಾಣ ಕಳೆದುಕೊಂಡ ದುರಂತವನ್ನು ಮರೆಯಬಾರದು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನವನ್ನು ನೋಡಿ, ಚೀಟಿಯಲ್ಲಿ ಹೇಳಿದ ಕೈಗವಸು, ತುಂಬುತೋಳಿನ ಅಂಗಿ, ಕನ್ನಡಕ, ರೆಸ್ಪಿರೇಟರ್‌ಗಳನ್ನು ಬಳಸಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿ ಸಿಂಪಡಿಸಬೇಕು.

ಹಾಗೆಂದು ಉಳಿದ ಎನ್-95ಗಳು ವ್ಯರ್ಥವಲ್ಲ. ರಾಗಿ, ಜೋಳ, ಭತ್ತದ ಒಕ್ಕಣೆಯ ಧೂಳಿಗೆ, ಬೂಷ್ಟು ಹಿಡಿದ ಹಳೆಯ ಹುಲ್ಲಿನ ಮೆದೆ ಕೆದಕುವಾಗ ಅವು ಒಳ್ಳೆಯ ರಕ್ಷಣೆ ಕೊಡುತ್ತವೆ. ಬೂಷ್ಟು ಹಿಡಿದ ಹುಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಬೇನೆಗೆ ವೈದ್ಯರು ‘ರೈತನ ಶ್ವಾಸಕೋಶ’ ಎಂದೇ ಹೆಸರಿಟ್ಟಿದ್ದಾರೆ. ಮುಖಗವಸಿನ ಆಯ್ಕೆ ಎದುರಿಗಿರುವ ಗಾಳಿಯಲ್ಲಿ ಏನಿದೆ ಎಂಬುದನ್ನು ಅವಲಂಬಿಸಿದೆ.

ಕೇಳಿಬಂದ ಪ್ರಶ್ನೆಗಳು

ಪ್ರಶ್ನೆ: ಸಣ್ಣಗೆ ಜ್ವರ, ಕೆಮ್ಮು ಇದ್ದರೆ ಮುಖಗವಸು ಹಾಕಿಕೊಂಡು ಡೇರಿಗೆ ಹಾಲು ಒಯ್ಯಬಹುದೆ?
ಉತ್ತರ: ಬಾರದು. ಮನೆಯಲ್ಲಿಯೇ ಬೇರೆಯಾಗಿದ್ದು, ವೈದ್ಯರ ಸಲಹೆ ಪಡೆಯಬೇಕು. ಹಾಲನ್ನು ನೆರೆಯವರ ಮೂಲಕ ಕಳುಹಿಸುವ ಏರ್ಪಾಡನ್ನು ಸಂಘದವರು ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಹೊತ್ತಿನ ಹಾಲಿನ ಹಣ ತಪ್ಪುವುದೆಂಬ ಚಿಂತೆಯೇ ಎಷ್ಟೋ ಮಂದಿಯನ್ನು ಕಾಯಿಲೆಯಲ್ಲಿಯೂ ಸಾಲಿಗೆ ತರುತ್ತದೆ.

ಪ್ರಶ್ನೆ: ಹೆಗಲ ಮೇಲಿನ ಟವೆಲ್ ಸಾಲದೆ?
ಉತ್ತರ: ಏನೂ ಇಲ್ಲದಿದ್ದಾಗ ಎರಡು ಮೂರು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿಕೊಂಡರೆ ದಪ್ಪ ಹನಿಗಳನ್ನು ತಡೆದೀತು. ಆದರೆ ಬೆವರು ಒರೆಸಿದ, ಕೈ ಒರೆಸಿದ ಟವೆಲ್ಲನ್ನೇ ಮೂಗಿಗೆ ಕಟ್ಟಿಕೊಳ್ಳುವುದು ಸರಿಯಲ್ಲ.

ಪ್ರಶ್ನೆ: ಉಬ್ಬಸ ಇರುವವರು ಏನು ಮಾಡಬೇಕು?
ಉತ್ತರ: ಸೈಕಲ್ ತುಳಿಯುವಾಗ ಧರಿಸದೆ, ಇತರರಿಂದ ಆರು ಅಡಿಗೂ ಹೆಚ್ಚು ದೂರವಿರಬೇಕು. ಇಳಿದು, ಉಸಿರಾಟ ಸಮಸ್ಥಿತಿಗೆ ಬಂದ ಮೇಲೆ ಧರಿಸಿ ಒಳಗೆ ಹೋಗಬೇಕು. ಜನಸಂದಣಿಯ ಕೆಲಸಗಳನ್ನು ಮನೆಯ ಬೇರೆಯವರಿಗೆ ವಹಿಸುವುದು ಮೇಲು.

ಪ್ರಶ್ನೆ: ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೆ?
ಉತ್ತರ: 2006–07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ನೀಡಲಾರಂಭಿಸಿದ ಮೇಲೆ ಹಳ್ಳಿಗಳಿಂದ ಮಕ್ಕಳು ಗುಂಪುಗುಂಪಾಗಿ ಶಾಲೆಗೆ ಹೋಗುವುದು ರೂಢಿಯಾಯಿತು. ಗುಂಪಿನಲ್ಲಿ ಮಾತು, ನಗು ಸಹಜ. ರೋಗದ ಕಾಲದಲ್ಲಿ ಒಬ್ಬರ ಹಿಂದೆ ಒಬ್ಬರು ಅಂತರ ಬಿಟ್ಟು ಹೋಗಲು ಕಲಿಸಬೇಕು. ತರಗತಿಯೊಳಗೆ ಮುಖಗವಸು, ತೆರೆದ ಕಿಟಕಿ ಎರಡೂ ಬೇಕು.

ಪ್ರಶ್ನೆ: ಹಕ್ಕಿ ಜ್ವರದ ವಿಷಯದಲ್ಲಿಯೂ ಇದೇ ಕ್ರಮವೆ?
ಉತ್ತರ: ಅಲ್ಲಿ ದಾರಿ ಬೇರೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಈ ವೈರಾಣು ಪತ್ತೆಯಾದ ಮೇಲೆ, ಹಸು ಕೋಳಿಗಳ ಸಮೀಪ ಕೆಲಸ ಮಾಡುವ ಕೆಲವರಿಗೆ ಸೋಂಕು ತಗಲಿತು. ಅವರಲ್ಲಿ ಹೆಚ್ಚಾಗಿ ಕಂಡದ್ದು ಕಣ್ಣು ಕೆಂಪಾಗುವುದು. ಹಾಲು ಕರೆಯುವವನಿಗೆ, ಕೋಳಿ ಸಾಕುವವನಿಗೆ ಅಂತಹ ಕಾಲದಲ್ಲಿ ಮುಖಗವಸಿನ ಜೊತೆಗೆ ಕನ್ನಡಕ, ಕೈಗವಸು ಬೇಕಾಗುತ್ತದೆ. ಹಾಲನ್ನು ಕಾಯಿಸಿಯೇ ಕುಡಿಯಬೇಕು.

ಮುಕ್ತಾಯ

ಸೈಕಲ್ ಸವಾರ ಮುಖಗವಸನ್ನು ಜೇಬಿನಲ್ಲಿಟ್ಟುಕೊಂಡು ಹೊರಡಬೇಕು. ಬಯಲ ದಾರಿಯಲ್ಲಿ ಒಬ್ಬನೇ ಇರುವಾಗ ಹಾಯಾಗಿ ಉಸಿರಾಡಬೇಕು. ಜನರ ನಡುವೆ, ಸೂರಿನ ಕೆಳಗೆ ಕಾಲಿಡುವ ಮುನ್ನ ಮರೆಯದೆ ಧರಿಸಬೇಕು. ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಗ್ರಾಮಸಭೆಗಳಲ್ಲಿ, ಹಾಲು ಉತ್ಪಾದಕರ ಸಂಘಗಳಲ್ಲಿ ಈಗಿನಿಂದಲೇ ತಿಳಿಸಿ, ಮುಖ್ಯವಾಗಿ ಡೇರಿಯ ಕೋಣೆಗಳಿಗೆ ಗಾಳಿ ಬೆಳಕು ಸಾಲದಿದ್ದರೆ ಒಂದು ಕಿಟಕಿಯನ್ನಾದರೂ ಹೆಚ್ಚಿಗೆ ಇಡಿಸುವಂತೆ ಪ್ರೇರೇಪಿಸಬೇಕು. ಮನೆಯಲ್ಲಿ ಅರವತ್ತು ದಾಟಿದ ಹಿರಿಯರಿದ್ದರೆ, ಪೇಟೆಯಿಂದ ಮರಳುವ ಸವಾರ ತನಗಾಗಿ ಅಲ್ಲದಿದ್ದರೂ ಅವರಿಗಾಗಿ ಈ ಎಚ್ಚರಿಕೆಗಳನ್ನು ಪಾಲಿಸುವುದು ಅತ್ಯವಶ್ಯಕ.